ಸುಂದರಕ್ಕನ ಬಲಗೈ

ಹೋದ ಜನವರಿಯಲ್ಲಿ ಸಹೋದ್ಯೋಗಿಯೊಬ್ಬಳ ಮದುವೆಗೆಂದು ಉಜಿರೆಗೆ ಹೊರಟಿದ್ದೆ. ಬಸ್ಸು ಕೊಟ್ಟಿಗೆಹಾರದಲ್ಲಿ ನಿಂತಿತು. ಚಾರ್ಮಾಡಿ ಘಾಟಿ ಇಳಿಯುವ ಮೊದಲು ಡ್ರೈವರಿಗೆ ಒಂದು ಟೀ, ಪ್ರಯಾಣಿಕರಿಗೆ ನೀರುದೋಸೆ. ಅದು ಅಲ್ಲಿನ ಕಟ್ಟಳೆ. ಮುಕ್ಕಾಲು ಬಸ್ಸು ಇಳಿಯಿತು. ನನಗೂ ಹಸಿವಾಗಿತ್ತು, ಆದರೂ ಇಳಿಯಲಿಲ್ಲ. ಕಿಟಕಿಯ ಗಾಜು ಸರಿಸಿದ್ದೇ ತಪ್ಪಾಯಿತು. ಎಲ್ಲೋ ಹತ್ತಿರದ ಕಣದಲ್ಲಿ ಒಣಹಾಕಿದ ಕಾಫಿ ಹಣ್ಣಿನ ವಾಸನೆ ಒಳಗೆ ಬಂತು. ಕಾಫಿ ಎಂದರೆ ಫಿಲ್ಟರಿನ ಘಮ ಎಂದುಕೊಂಡವರಿಗೆ ಈ ವಾಸನೆ ಗೊತ್ತಿರುವುದಿಲ್ಲ. ಹುಳಿ ಬಂದ ಬೆಲ್ಲದ ಹಾಗಿರುತ್ತದೆ. ಮೊದಲ ದಿನ ಮೂಗು ಮುಚ್ಚಿಕೊಳ್ಳುತ್ತೇವೆ, ಆಮೇಲೆ ಅದು ಗಮನಕ್ಕೇ ಬರುವುದಿಲ್ಲ. ನನಗೆ ಸುಂದರಕ್ಕನ ನೆನಪಾಗಿ, ಕಣ್ಣು ಮುಚ್ಚಿ ಕಿಟಕಿಯ ಸರಳಿಗೆ ತಲೆಯಾನಿಸಿದೆ. ಪಕ್ಕದ ಸೀಟಿನ ಹೆಂಗಸು, ಘಾಟಿಯ ತಿರುವುಗಳಿಗೆ ಈಗಿನಿಂದಲೇ ಹೆದರಿದ್ದಾಳೆ ಎಂದುಕೊಂಡು ನನ್ನ ಕೈಗೆ ಒಂದು ನಿಂಬೆಹಣ್ಣು ಕೊಟ್ಟರು.

ನಾನು ಫಿಸಿಯೋಥೆರಪಿಸ್ಟ್. ಊರು ತಿಪಟೂರಿನ ಕಡೆ. ಓದು ಮುಗಿಸಿದ ಮೇಲೆ ನನಗೆ ಮೊದಲು ಸಿಕ್ಕ ಕೆಲಸ ಬಣಕಲ್ ಹತ್ತಿರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ. ಸುತ್ತಲಿನ ಕೆಲವು ತೋಟದವರು ಸೇರಿ ತಮ್ಮ ಆಳುಗಳಿಗಾಗಿ ನಡೆಸುತ್ತಿದ್ದ ಆಸ್ಪತ್ರೆ ಅದು. ಕೆಲಸದಲ್ಲಿ ಪೆಟ್ಟು ಮಾಡಿಕೊಂಡವರನ್ನು ಮತ್ತೆ ಕೆಲಸಕ್ಕೆ ಹೋಗುವಂತೆ ಮಾಡುವುದು ನನ್ನ ಜವಾಬ್ದಾರಿ. ಮೆಣಸು ಕೊಯ್ಯಲು ಹೋಗಿ ಏಣಿಯಿಂದ ಬಿದ್ದವರು, ನೆರಳಿನ ಮರಗಳ ಕೊಂಬೆ ಕಡಿದು ಮರಗಸಿ ಮಾಡುವಾಗ ಸೊಂಟ ಹಿಡಿಸಿಕೊಂಡವರು, ಮೂಟೆ ಹೊತ್ತು ಕತ್ತು ತಿರುಗದವರು ಬರುತ್ತಿದ್ದರು. ಬಂದವರು ಮಾತ್ರೆ ಎಲ್ಲಿ, ಇಂಜೆಕ್ಷನ್ ಎಲ್ಲಿ ಎಂದು ಸುತ್ತಮುತ್ತ ನೋಡಿ, ಎರಡೂ ಇಲ್ಲದ್ದು ಕಂಡು ನನ್ನನ್ನು ಕನಿಕರದಿಂದ ನೋಡುತ್ತಿದ್ದರು. ಕೈ ಎತ್ತು, ಕೈ ಇಳಿಸು ಅನ್ನುವುದಕ್ಕೂ ಒಂದು ಕಾಲೇಜಿದೆಯಾ ಎಂದು ಒಬ್ಬ ಅಜ್ಜ ನಿಜವಾದ ಕುತೂಹಲದಿಂದಲೇ ಕೇಳಿದ್ದರು. ಇದೆ, ಫೀಸೂ ಇದೆ ಎಂದಿದ್ದೆ.

ಕೊಟ್ಟಿಗೆಹಾರದಲ್ಲಿ ಹಾರ್ಡ್‌ವೇರ್ ಅಂಗಡಿಯ ಮೇಲೆ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮಳೆಗಾಲ ಶುರುವಾದ ಮೇಲೆ ಆ ಊರು ಏನು ಎಂದು ಗೊತ್ತಾಯಿತು. ನಮ್ಮ ಕಡೆ ಮಳೆ ಬಂದರೆ ಜನ ಹೊರಗೆ ಬಂದು ನೋಡುತ್ತಾರೆ. ಇಲ್ಲಿ ಬಾಗಿಲು ಹಾಕಿಕೊಳ್ಳುತ್ತಾರೆ. ಘಾಟಿಯಿಂದ ಮಂಜು ಎದ್ದು ರಸ್ತೆಗೆ ಬಂದರೆ ಎದುರಿನ ಹೋಟೆಲಿನ ಬೋರ್ಡೂ ಕಾಣುತ್ತಿರಲಿಲ್ಲ. ಫೋನಿಗೆ ಸಿಗ್ನಲ್ ಬೇಕಾದರೆ ಮೆಟ್ಟಿಲ ಮೇಲೆ ಕೊಡೆ ಹಿಡಿದು ನಿಲ್ಲಬೇಕು. ಅಮ್ಮ ಊಟ ಆಯ್ತಾ ಎನ್ನುವಷ್ಟರಲ್ಲಿ ಲೈನು ಕಡಿದುಹೋಗುತ್ತಿತ್ತು. ಆಸ್ಪತ್ರೆಯ ನರ್ಸ್ ಮೂಡಿಗೆರೆಯಿಂದ ಬಂದು ಸಂಜೆಯ ಬಸ್ಸಿಗೆ ಓಡುತ್ತಿದ್ದರು. ಡಾಕ್ಟರು ಬರುವ ದಿನ ಬರುತ್ತಿದ್ದರು. ನಾನು ಒಂದಿಡೀ ಭಾನುವಾರ ಯಾರೊಂದಿಗೂ ಒಂದು ಮಾತಾಡದೆ ಕಳೆದು, ಸೋಮವಾರ ಬೆಳಿಗ್ಗೆ ಕಂಡಕ್ಟರಿಗೆ ಬಣಕಲ್ ಎಂದಾಗ ನನ್ನ ದನಿಯೇ ಬೇರೆಯವರದ್ದು ಅನ್ನಿಸಿದ್ದುಂಟು. ಒಂಟಿತನ ಎನ್ನುವುದು ದೊಡ್ಡ ಮಾತು ಎಂದುಕೊಂಡಿದ್ದೆ. ಅದು ಹೀಗೆ ಸಣ್ಣ ಸಣ್ಣ ಕಡೆ ಸಿಕ್ಕಿಬಿಡುತ್ತದೆ.

ಆಶ್ಲೇಷಾ ಮಳೆ ಜಡಿಯುತ್ತಿದ್ದ ಒಂದು ಬುಧವಾರ ಸುಂದರಕ್ಕ ಬಂದರು. ಐವತ್ತರ ಆಸುಪಾಸು, ಎತ್ತರದ ಆಳು, ತಲೆಯಿಂದ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಕೊಪ್ಪೆ. ಕೊಪ್ಪೆ ತೆಗೆದಾಗ ನೋಡುತ್ತೇನೆ, ಬಲಗೈಯನ್ನು ಎದೆಗೆ ಒತ್ತಿ ಬಟ್ಟೆಯಿಂದ ಬಿಗಿಯಾಗಿ ಸುತ್ತಿದೆ. ಒಳಗೆ ಬಿದಿರಿನ ದಬ್ಬೆ, ಅದರ ಮೇಲೆ ಒಣಗಿ ಬಿರುಕು ಬಿಟ್ಟ ಉದ್ದಿನ ಹಿಟ್ಟಿನ ಲೇಪ. ಮಳೆಗಾಲದ ಆರಂಭದಲ್ಲಿ ತೋಟದ ಹಳ್ಳಕ್ಕೆ ಹಾಕಿದ್ದ ಮರದ ಸಂಕ ದಾಟುವಾಗ ಜಾರಿ ಬಿದ್ದು ಭುಜದ ಹತ್ತಿರ ಮೂಳೆ ಮುರಿದಿತ್ತು. ಪಕ್ಕದ ಊರಿನ ನಾಟಿ ಪಂಡಿತರೊಬ್ಬರು ಬಂದು ಕಟ್ಟು ಹಾಕಿ ಹೋಗಿದ್ದರು. ಆಮೇಲೆ ಗುಡ್ಡ ಜರಿದು ಆ ಊರಿನ ದಾರಿ ಬಂದ್ ಆಗಿ ಅವರು ಮತ್ತೆ ಬಂದಿರಲಿಲ್ಲ. ಎರಡು ತಿಂಗಳಾಗುತ್ತ ಬಂದಿತ್ತು. ಇಷ್ಟು ದಿನ ಯಾಕೆ ಬಿಚ್ಚಲಿಲ್ಲ ಎಂದು ಕೇಳಿದೆ.

"ನಾನು ಹೇಳೋವರೆಗೂ ಬಿಚ್ಚಬಾರ್ದು ಅಂದಿದ್ರು ಅವ್ರು. ಹೇಳೋಕೆ ಬರ್ಲೇ ಇಲ್ಲ. ಮತ್ತೆ ಹೆಂಗೆ ಬಿಚ್ಚೋದು ಹೇಳಿ?"

ಆ ಕಡೆಯ ಜನ ಹಾಗೆಯೇ. ಒಬ್ಬರ ಕೈಗೆ ಒಪ್ಪಿಸಿದ ಮೇಲೆ ಅವರ ಮಾತು ಮೀರುವುದಿಲ್ಲ, ಅವರು ಮರೆತರೂ. ಡಾಕ್ಟರು ಎಕ್ಸ್‌ರೇ ನೋಡಿ ಮೂಳೆ ಚೆನ್ನಾಗಿ ಕೂಡಿದೆ ಎಂದರು. ಕೂಡಿದ್ದು ಹೌದು, ಆದರೆ ಅಲ್ಲಾಡದೆ ಇದ್ದ ಭುಜ ತುಕ್ಕು ಹಿಡಿದ ಬಾಗಿಲಿನಂತೆ ಬಿಗಿದುಕೊಂಡಿತ್ತು. ಕಟ್ಟು ಬಿಚ್ಚಿದ ಮೇಲೂ ಕೈ ಎದೆಯ ಮೇಲೆಯೇ ನಿಂತಿತು. ಸುಂದರಕ್ಕ ಅದನ್ನು ಯಾರದ್ದೋ ಕೈ ನೋಡುವಂತೆ ನೋಡಿದರು. ಕೊಯ್ಲಿನ ಹೊತ್ತಿಗೆ ಸರಿಯಾಗ್ತದಾ ಎಂದು ಕೇಳಿದರು. ಅವರಿಗೆ ಬೇಕಾಗಿದ್ದದ್ದು ಅದೊಂದೇ ಉತ್ತರ. ನಾನು ನೋಡೋಣ ಎಂದೆ. ನೋಡೋಣ ಎಂದರೆ ಏನು ಎಂದು ಮತ್ತೆ ಕೇಳಿದರು.

ಕೊಯ್ಲು ಯಾಕೆ ಅಷ್ಟು ಮುಖ್ಯ ಎಂದು ತಿಳಿಯಲು ಕೆಲವು ಬುಧವಾರಗಳು ಬೇಕಾದವು. ಅವರ ಎಸ್ಟೇಟಿನ ಜೀಪು ಬುಧವಾರ ಡೀಸೆಲ್ಲು, ಸಾಮಾನು ತರಲು ಬಣಕಲ್ಲಿಗೆ ಬರುತ್ತಿತ್ತು. ಬೆಳಿಗ್ಗೆ ಸುಂದರಕ್ಕನನ್ನು ಆಸ್ಪತ್ರೆಯಲ್ಲಿ ಇಳಿಸಿದರೆ ಮಧ್ಯಾಹ್ನ ಕರೆದೊಯ್ಯುತ್ತಿತ್ತು. ಅಲ್ಲಿಯವರೆಗೆ ಅವರು ನನ್ನ ಕೋಣೆಯಲ್ಲೇ. ವ್ಯಾಯಾಮ ಮುಗಿದ ಮೇಲೆ ಬಿಸಿನೀರಿನ ಚೀಲ ಭುಜದ ಮೇಲಿಟ್ಟುಕೊಂಡು ಮಾತು. ಒಮ್ಮೆ ಪತ್ರೊಡೆ ತರುತ್ತಿದ್ದರು, ಒಮ್ಮೆ ಕಳಲೆ ಪಲ್ಯ. ಎಡಗೈಯಲ್ಲಿ ಬಡಿಸಬೇಕಲ್ಲ ಎಂದು ಅವರಿಗೆ ಸಂಕೋಚ, ನಾನೇ ಹಾಕಿಕೊಳ್ಳುತ್ತಿದ್ದೆ. ವಾರದಲ್ಲಿ ನನ್ನೊಂದಿಗೆ ಒಬ್ಬರು ಕೂತು ಉಣ್ಣುತ್ತಿದ್ದ ದಿನ ಅದೊಂದೇ.

ಮಾತೆಲ್ಲ ಅವರ ಗೆಳತಿ ಅಪ್ಪಿಯ ಬಗ್ಗೆ. ಆ ತೋಟದಲ್ಲಿ ಕೊಯ್ಲನ್ನು ಜೋಡಿಯಲ್ಲಿ ಮಾಡುತ್ತಾರೆ. ಕಾಫಿ ಗಿಡದ ಒಂದು ಸಾಲಿಗೆ ಇಬ್ಬರು, ಆ ಕಡೆ ಒಬ್ಬರು, ಈ ಕಡೆ ಒಬ್ಬರು. ಕೊಯ್ಲಿನ ಮೊದಲ ದಿನ ಜೋಡಿಗಳಿಗೆ ಸಾಲು ಹಂಚುತ್ತಾರೆ, ಆಮೇಲೆ ಕೊಯ್ಲು ಮುಗಿಯುವವರೆಗೆ ಆ ಜೋಡಿ ಬದಲಾಗುವುದಿಲ್ಲ. ಸುಂದರಕ್ಕ ಮತ್ತು ಅಪ್ಪಿ ಮದುವೆಯಾಗಿ ತಂತಮ್ಮ ಗಂಡಂದಿರ ಜೊತೆ ಆಳುಗಳ ಲೈನ್ ಮನೆಗಳಿಗೆ ಬಂದ ವರ್ಷದಿಂದ ಕೊಯ್ಲಿನ ಜೋಡಿ. ಸುಂದರಕ್ಕನ ಗಂಡ ತೀರಿಕೊಂಡಿದ್ದರು, ಮಗಳು ಬೆಳ್ತಂಗಡಿಯ ಕಡೆ ಸಂಸಾರ ಹೂಡಿದ್ದಳು. ಮನೆಯಲ್ಲಿ ಅವರೊಬ್ಬರೇ. ಅದರ ಬಗ್ಗೆ ಅವರಿಗೆ ಬೇಸರವೇನೂ ಇರಲಿಲ್ಲ, ಏಕೆಂದರೆ ಬೆಳಗಾದರೆ ಸಾಲಿನ ಆ ಕಡೆ ಅಪ್ಪಿ ಇರುತ್ತಿದ್ದಳು. ಗಿಡದ ಎಲೆಗಳ ನಡುವೆ ಒಬ್ಬರ ಮುಖ ಒಬ್ಬರಿಗೆ ಸರಿಯಾಗಿ ಕಾಣುವುದಿಲ್ಲವಂತೆ. ಹಾಗೆ ಕಾಣದಿದ್ದರೇ ಮಾತಾಡಲು ಚೆಂದ ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿ ಯಂತ್ರಗಳು ಅಷ್ಟಕ್ಕಷ್ಟೆ. ಕಿಟಕಿಯ ಸರಳಿಗೆ ಸೈಕಲ್ ಟ್ಯೂಬು ಕಟ್ಟಿ ಎಳೆಸಿದೆ. ಬಗ್ಗಿ ನಿಂತು, ನೀರು ತುಂಬಿದ ಚೊಂಬು ಹಿಡಿದು ಕೈಯನ್ನು ಗಡಿಯಾರದ ಲೋಲಕದಂತೆ ತೂಗಲು ಹೇಳಿದೆ. ಗೋಡೆಯ ಮೇಲೆ ಬೆರಳುಗಳನ್ನು ನಡೆಸುತ್ತ ಕೈ ಏರಿಸಬೇಕು. ಏರಿದ ಕಡೆ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ನೋವಿಗೆ ಕಣ್ಣಲ್ಲಿ ನೀರು ಬಂದರೂ ಸುಂದರಕ್ಕ ಬಾಯಿ ಬಿಡುತ್ತಿರಲಿಲ್ಲ. ಗೆರೆ ವಾರ ವಾರ ಮೇಲೆ ಹೋಯಿತು. ಸೊಂಟ, ಎದೆ, ಭುಜ. ನಾನು ಹಿಗ್ಗಿದೆ. ಇನ್ನು ಮನೆಯಲ್ಲಿ ಕೂರುವುದು ಬೇಡ, ಎಸ್ಟೇಟಿನಲ್ಲೇ ಏನಾದರೂ ಹಗುರದ ಕೆಲಸ ಕೊಡಲಿ ಎಂದು ಆಳುಗಳಿಗೆ ಕೆಲಸ ಹಂಚುವ ಅವರ ರೈಟರಿಗೆ ಒಂದು ಚೀಟಿ ಬರೆದೆ. ಪೆಟ್ಟಾದವರು ಕೆಲಸದಿಂದ ದೂರ ಇದ್ದಷ್ಟೂ ಮರಳುವುದು ಕಷ್ಟ ಎಂದು ನಮಗೆ ಕಲಿಸಿದ್ದರು. ಅದು ನಿಜವೂ ಹೌದು.

ಹಗುರದ ಕೆಲಸ ಸಿಕ್ಕಿತು. ಅದಾದ ಮೇಲೆ ಗೋಡೆಯ ಗೆರೆ ಏರುವುದು ನಿಂತಿತು. ಮುಂದಿನ ಬುಧವಾರಗಳಲ್ಲಿ ಕೆಳಗೂ ಇಳಿಯಿತು. ಮನೆಯಲ್ಲಿ ಮಾಡುತ್ತಿದ್ದೀರಾ ಎಂದರೆ ಹೂಂ ಎನ್ನುತ್ತಿದ್ದರು. ಪತ್ರೊಡೆ ಬರುವುದು ನಿಂತಿತು, ಅಪ್ಪಿಯ ಹೆಸರೂ. ಬಿಸಿನೀರಿನ ಚೀಲ ಇಟ್ಟುಕೊಂಡು ಮಳೆ ನೋಡುತ್ತ ಕೂರುತ್ತಿದ್ದರು. ಇಬ್ಬರು ಒಂದು ಕೋಣೆಯಲ್ಲಿ ಮಾತಿಲ್ಲದೆ ಕೂತರೆ ಒಬ್ಬರೇ ಕೂತದ್ದಕ್ಕಿಂತ ಭಾರ. ಒಂದು ದಿನ ನಾನು ಅವರೊಂದಿಗೇ ಜೀಪು ಹತ್ತಿದೆ.

ಮಳೆ ಹೊಳವಾಗಿ ಬಿಸಿಲು ಕಾಣತೊಡಗಿದ್ದ ಕಾಲ. ಎಸ್ಟೇಟಿನ ರೈಟರು ಒಳ್ಳೆಯ ಮನುಷ್ಯ, ಆಳುಗಳ ಕಷ್ಟಸುಖ ಬಲ್ಲವರು. ನನ್ನನ್ನು ಗೋಡೌನಿಗೆ ಕರೆದೊಯ್ದು ಹೆಮ್ಮೆಯಿಂದ ತೋರಿಸಿದರು. ಒಂದು ಮೂಲೆಯಲ್ಲಿ ಹರಿದ ಗೋಣಿಚೀಲಗಳ ರಾಶಿ, ಪಕ್ಕದಲ್ಲಿ ಒಂದು ಚಾಪೆ, ಚಾಪೆಯ ಮೇಲೆ ಒಂದು ದಿಂಬೂ ಇತ್ತು. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂತು, ಕೊಯ್ಲಿಗೆ ಬೇಕಾಗುವ ಚೀಲಗಳಿಗೆ ದಬ್ಬಳದಿಂದ ತೇಪೆ ಹಾಕುವುದು ಸುಂದರಕ್ಕನ ಕೆಲಸ.

"ಒಂದು ಚೂರು ಕಷ್ಟ ಕೊಟ್ಟಿಲ್ಲ ಮೇಡಂ ಅವ್ರಿಗೆ. ಕೈ ತೊಡೆ ಮೇಲಿಂದ ಎತ್ತೋ ಹಂಗಿಲ್ಲ. ಮಳೆ ಇಲ್ಲ, ಜಿಗಣೆ ಇಲ್ಲ. ಮಾತಾಡ್ಸಿ ತೊಂದ್ರೆ ಕೊಡೋರೂ ಇಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎತ್ತುವುದನ್ನು ಕಲಿಯಬೇಕಾದ ಕೈಗೆ ಎತ್ತುವ ಹಂಗೇ ಇಲ್ಲದ ಕೆಲಸ. ಮಾತಿಗಾಗಿ ಬದುಕುವ ಹೆಂಗಸಿಗೆ ಗೋಣಿಚೀಲದ ಸಂಗ. ಇದರ ಜೊತೆಗೆ ಇನ್ನೊಂದು ಆಗಿತ್ತು, ಅದು ಜೀಪಿನ ಡ್ರೈವರ್ ಹೇಳಿದ್ದು. ಮಳೆಯಲ್ಲಿ ನೆನೆದು, ಜಿಗಣೆ ಕಚ್ಚಿಸಿಕೊಂಡು ಕಾಫಿ ಗಿಡದ ಬೇಡದ ಚಿಗುರು ತೆಗೆಯುತ್ತಿದ್ದ ಹೆಂಗಸರ ಕಣ್ಣಿಗೆ ಆ ದಿಂಬು ಬಿದ್ದಿತ್ತು. ಅಪ್ಪಿ ಒಂದು ದಿನ ಗೋಡೌನಿನ ಬಾಗಿಲಲ್ಲಿ ನಿಂತು, ನಿಂಗೇನಪ್ಪ, ಕೂತು ಉಣ್ಣೋ ಕೆಲಸ ಸಿಕ್ತು ಎಂದಿದ್ದಳಂತೆ. ತಮಾಷೆಗೋ, ಹೊಟ್ಟೆಯುರಿಗೋ, ಗೊತ್ತಿಲ್ಲ. ಸುಂದರಕ್ಕ ತಲೆಯೆತ್ತಿರಲಿಲ್ಲ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಪ್ಪಿಯ ಜೊತೆಗೆ ರೈಟರು ಅಕ್ಕನೊಂದಿಗೆ ಅಸ್ಸಾಮಿನಿಂದ ಬಂದ ಒಬ್ಬ ಹುಡುಗಿಯನ್ನು ಹಾಕಿದ್ದರು. ಅವಳಿಗೆ ಕನ್ನಡ ಬಾರದು, ಅಪ್ಪಿಗೆ ಅವಳ ಮಾತು ಬಾರದು.

ರೈಟರೊಂದಿಗೆ ಕೂತು ಮಾತಾಡಿದೆ. ಚೀಲ ಹೊಲಿಯುವುದು ಬೇಡ, ನಿಂತು ಕೈ ಚಾಚುವ ಕೆಲಸ ಕೊಡಿ ಎಂದೆ. ಇಡೀ ಮಳೆಗಾಲ ಕಣದ ಸಿಮೆಂಟಿನ ಮೇಲೆ ಪಾಚಿ ಕಟ್ಟಿತ್ತು. ಕೊಯ್ಲಿಗೆ ಮೊದಲು ಅದನ್ನು ಉದ್ದ ಹಿಡಿಯ ಪೊರಕೆಯಿಂದ ತಿಕ್ಕಿ ತೊಳೆಯಬೇಕು. ಅದನ್ನು ಕೊಡಿ ಎಂದಾಗ ಅವರು, ಇದನ್ನು ಹಗುರ ಅಂತೀರಾ ಮೇಡಂ ಎಂದು ಹುಬ್ಬೇರಿಸಿದರು. ಅಲ್ಲ, ಇದು ಔಷಧಿ ಎಂದೆ. ಕೊಯ್ಲಿನ ವಿಷಯವನ್ನೂ ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಮೊದಲ ದಿನ ಸಾಲಿಗೆ ನಿಂತು ಕೊಯ್ಯಲು ಆದರೆ ಸರಿ. ಆಗದಿದ್ದರೆ ಅಪ್ಪಿಗೆ ಆ ಹುಡುಗಿಯೇ ಜೋಡಿ, ಸುಂದರಕ್ಕನಿಗೆ ಇನ್ನು ಗೋಡೌನೇ ಗತಿ. ಅರ್ಧ ಕೈಯವರನ್ನು ಸಾಲಿಗೆ ಹಾಕಿದರೆ ಜೋಡಿಯಲ್ಲಿ ಇನ್ನೊಬ್ಬರಿಗೆ ಅನ್ಯಾಯ ಆಗುತ್ತದಲ್ಲ ಎಂದರು.

ಪೊರಕೆಯ ಕೆಲಸ ಹಿಡಿಯಿತು. ಗೆರೆ ಮತ್ತೆ ಏರಿತು. ಆಸ್ಪತ್ರೆಯ ಹಿತ್ತಲಲ್ಲಿ ಯಾರೂ ನೋಡಿಕೊಳ್ಳದ ನಾಲ್ಕಾರು ರೋಬಸ್ಟಾ ಗಿಡಗಳಿದ್ದವು. ಸೊಂಟಕ್ಕೆ ಮರಳಿನ ಚೀಲ ಕಟ್ಟಿಸಿ, ಆ ಗಿಡಗಳ ಕೊಂಬೆ ಬಗ್ಗಿಸಿ ಹಿಡಿಯುವುದನ್ನು ಅಭ್ಯಾಸ ಮಾಡಿಸಿದೆ. ಸುಂದರಕ್ಕನ ಬಾಯಿಗೆ ಮಾತು ಮರಳಿತು. ನನ್ನ ಮದುವೆಯ ಬಗ್ಗೆ ವಿಚಾರಿಸಿದರು, ನನ್ನ ಅಡುಗೆಯನ್ನು ಬೈದರು, ಇಷ್ಟು ಸಣ್ಣಗಿದ್ದರೆ ಘಾಟಿಯ ಗಾಳಿಗೆ ಹಾರಿಹೋಗ್ತೀರಿ ಎಂದರು. ಬುಧವಾರ ಬೆಳಿಗ್ಗೆ ನಾನು ಒಳ್ಳೆಯ ಸೀರೆ ಉಡುವುದನ್ನು ನರ್ಸ್ ಗಮನಿಸಿ ಚುಡಾಯಿಸಿದರು. ಯಾರಿಗಾದರೂ ಹೇಳಿದರೆ ನಗುತ್ತಾರೆ, ಆದರೆ ಇಡೀ ಮಲೆನಾಡಿನಲ್ಲಿ ನನಗೆ ಕಾಯಲು ಇದ್ದದ್ದು ಅವರೊಬ್ಬರೇ.

ಚಳಿ ಬಂತು. ಗೆರೆ ಸುಂದರಕ್ಕನ ಹುಬ್ಬಿನ ಮಟ್ಟಕ್ಕೆ ಬಂದು ನಿಂತಿತು. ಒಂದು ವಾರ ನೋಡಿದೆ, ಇನ್ನೊಂದು ವಾರ ನೋಡಿದೆ. ಕೈ ಅದಕ್ಕಿಂತ ಮೇಲೆ ಹೋಗಲು ಒಪ್ಪಲಿಲ್ಲ. ಬಹಳ ದಿನ ಕಟ್ಟಿಟ್ಟ ಭುಜಗಳಲ್ಲಿ ಕೆಲವು ಹೀಗೆ ಒಂದು ಕಡೆ ನಿಂತುಬಿಡುತ್ತವೆ. ನಾನು ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಿತ್ತಲಿನ ಗಿಡಗಳಿಗೆ ಇಷ್ಟು ಸಾಕಲ್ಲ ಎಂದರು. ಸಾಕಾಗಿತ್ತು, ಹಿತ್ತಲು ಸಮತಟ್ಟು. ಅವರ ತೋಟ ಸಮತಟ್ಟಲ್ಲ ಎಂದು ನೆನಪಾಗಿ ನಾನು ಮತ್ತೊಮ್ಮೆ ಜೀಪು ಹತ್ತಿದೆ.

ಇಳಿಜಾರಿನಲ್ಲಿ ಒಂದು ಖಾಲಿ ಸಾಲಿಗೆ ಅವರನ್ನು ಕರೆದುಕೊಂಡು ಹೋದೆ. ಸುಂದರಕ್ಕ ಅಭ್ಯಾಸಬಲದಿಂದ ಸಾಲಿನ ಕೆಳಗಿನ ಬದಿಗೆ ಹೋಗಿ ನಿಂತರು. ಅಲ್ಲಿಂದ ಗಿಡ ತಲೆಯ ಮೇಲೆ ಏರಿತ್ತು. ಎಡಗೈ ಎತ್ತಿದರು, ಬಲಗೈ ಎತ್ತಿದರು, ಬಲಗೈ ಹುಬ್ಬಿನ ಹತ್ತಿರ ನಿಂತಿತು. ಹಣ್ಣು ಅದಕ್ಕೂ ಒಂದು ಮೊಳ ಮೇಲೆ. ಮುಖ ಬಾಡಿತು. ಈ ಕಡೆ ಬನ್ನಿ ಎಂದು ಮೇಲಿನ ಬದಿಗೆ ಕರೆದೆ. ಅಲ್ಲಿ ನೆಲವೇ ಎತ್ತರ, ಅದೇ ಗಿಡದ ತುದಿ ಅವರ ಎದೆಯ ಮಟ್ಟಕ್ಕೆ ಬಂತು. ಎರಡೂ ಕೈ ಕೊಂಬೆಯ ಮೇಲೆ ಸಲೀಸಾಗಿ ಓಡಿದವು. ನಾನು ಪರೀಕ್ಷೆ ಪಾಸಾದವಳಂತೆ ಕುಣಿದುಬಿಟ್ಟೆ. ಸುಂದರಕ್ಕ ಕೊಂಬೆ ಬಿಟ್ಟು ದಾರಿಗೆ ಬಂದು ನಿಂತರು.

"ಅದು ಅಪ್ಪಿ ಜಾಗ."

ಅಪ್ಪಿ ಗಿಡ್ಡ. ಜೋಡಿಯಾದ ಮೊದಲ ದಿನದಿಂದ ಅವಳು ಮೇಲಿನ ಬದಿ, ಎತ್ತರದ ಸುಂದರಕ್ಕ ಕೆಳಗಿನ ಬದಿ. ಕೆಳಗಿನ ಬದಿಯಲ್ಲಿ ಕತ್ತು ನೋಯುತ್ತದೆ, ಕಾಲು ಜಾರುತ್ತದೆ, ಮೇಲಿನಿಂದ ಇರುವೆ ಉದುರುತ್ತದೆ. ಅಪ್ಪಿಯನ್ನು ಬದಲಾಯಿಸಿಕೊಳ್ಳಲು ಕೇಳಿ ಎಂದೆ. ತಲೆಯಾಡಿಸಿದರು. ಮಾತು ಬಿಟ್ಟವಳ ಹತ್ತಿರ ಹೋಗಿ, ನಿನ್ನ ಸುಖದ ಜಾಗ ನನಗೆ ಕೊಟ್ಟು ನೀನು ಕಷ್ಟಕ್ಕೆ ಹೋಗು ಎಂದು ಹೇಗೆ ಕೇಳುವುದು ಎಂದರು. ನಾನು ಕೇಳುತ್ತೇನೆ ಎಂದೆ. ಅದಕ್ಕೆ ಅವರು ನನ್ನ ಕೈ ಹಿಡಿದುಕೊಂಡರು. "ಬೇಡಿ ಡಾಕ್ಟ್ರಮ್ಮ. ನೀವು ಕೇಳಿದ್ರೆ ಅವ್ಳು ಇಲ್ಲ ಅನ್ನೋಕೆ ಆಗಲ್ಲ. ಹಂಗೆ ಬಂದ್ರೆ ನಂಗೆ ಬೇಡ." ನಾನು ಕೇಳುವುದಿಲ್ಲ ಎಂದು ಮಾತು ಕೊಟ್ಟೆ. ವಾಪಸು ಬರುವಾಗ ಜೀಪಿನಲ್ಲಿ ನನಗೆ ಎಲ್ಲರ ಮೇಲೂ ಸಿಟ್ಟು ಬಂದಿತ್ತು. ನಾನು ಓದಿದ್ದರಲ್ಲಿ ಮೂಳೆ, ಸ್ನಾಯು, ಕೀಲು ಎಲ್ಲ ಇದ್ದವು, ಇದೊಂದು ಇರಲಿಲ್ಲ.

ಕೊಯ್ಲಿಗೆ ಕೆಲವೇ ದಿನ ಇರುವಾಗ ಅಪ್ಪಿ ತಾನಾಗಿಯೇ ಆಸ್ಪತ್ರೆಗೆ ಬಂದಳು. ಬುಧವಾರವಲ್ಲ, ಬೇರೆ ದಿನ, ಬಸ್ಸಿನಲ್ಲಿ. ಹೆಸರು, ಎಸ್ಟೇಟು ಬರೆಸಿ, ಮೊಣಕಾಲು ನೋವು ಎಂದಳು. ಮೊಣಕಾಲು ನೋಡಿದೆ, ಅಂಥದ್ದೇನೂ ಇರಲಿಲ್ಲ. ಆದರೂ ಒಂದೆರಡು ವ್ಯಾಯಾಮ ಹೇಳಿಕೊಟ್ಟೆ. ಅವಳ ಕಣ್ಣು ಗೋಡೆಯ ಮೇಲಿನ ಸೀಮೆಸುಣ್ಣದ ಗೆರೆಗಳ ಮೇಲಿತ್ತು. ಅದೆಂತದು ಎಂದು ಕೇಳಿದಳು. ಒಬ್ಬರ ಕೈ ಏರಿದ ಗುರುತು ಎಂದೆ. ಯಾರ ಕೈ ಎಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎದ್ದು ಗೋಡೆಯ ಹತ್ತಿರ ಹೋದಳು. ಎಲ್ಲಕ್ಕಿಂತ ಮೇಲಿನ ಗೆರೆಯ ಕೆಳಗೆ ನಿಂತು ಅದನ್ನು ಮುಟ್ಟಿದಳು. ಅವಳು ಗಿಡ್ಡಗಿದ್ದುದರಿಂದ ಅದು ಅವಳ ತಲೆಗಿಂತ ಮೇಲಿತ್ತು.

"ಇದರ ಮೇಲೆ ಹೋಗೂದಿಲ್ವಾ?"

"ಇಲ್ಲ. ಇಷ್ಟೇ."

"ಎಷ್ಟು ಪ್ರಯತ್ನ ಮಾಡಿದ್ರೂ?"

"ಎಷ್ಟು ಮಾಡಿದ್ರೂ. ಅವರು ಮಾಡದೆ ಬಿಟ್ಟದ್ದಲ್ಲ."

ಅಪ್ಪಿ ಗೆರೆಗಳನ್ನು ಕೆಳಗಿನಿಂದ ಮೇಲಕ್ಕೆ ಒಮ್ಮೆ ನೋಡಿದಳು. ಕೂತು ಉಣ್ಣುವವರ ಗೋಡೆ ಹೀಗಿರುವುದಿಲ್ಲ ಎಂದು ಅವಳಿಗೆ ಅನ್ನಿಸಿತೋ ಏನೋ. ಸೆರಗಿನಿಂದ ಮುಖ ಒರೆಸಿಕೊಂಡಳು. ಬಸ್ಸಿಗೆ ಹೊತ್ತಾಯಿತು ಎಂದು ಹೊರಟುಹೋದಳು, ಚಪ್ಪಲಿ ಹಾಕಿಕೊಳ್ಳುವಾಗ ಯಾವ ಮೊಣಕಾಲು ನೋಯುತ್ತಿತ್ತು ಎನ್ನುವುದನ್ನೂ ಮರೆತು. ನಾನು ಏನೂ ಕೇಳಿರಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡಿದ್ದೆ.

ಕೊಯ್ಲಿನ ಮೊದಲ ದಿನ ರಜೆ ಹಾಕಿ ಬೆಳಿಗ್ಗೆಯೇ ತೋಟಕ್ಕೆ ಹೋದೆ. ಪೇಷಂಟು ಕೆಲಸಕ್ಕೆ ಮರಳುವ ದಿನ ನಾನಿರಬೇಕು ಎಂದು ರೈಟರಿಗೆ ಹೇಳಿದೆ. ಅದು ಅರ್ಧ ನಿಜ. ಮಂಜು ಇನ್ನೂ ನೆರಳಿಗೆ ನೆಟ್ಟ ಸಿಲ್ವರ್ ಮರಗಳ ಬುಡದಲ್ಲಿತ್ತು. ಸೊಂಟಕ್ಕೆ ಚೀಲ ಕಟ್ಟಿಕೊಂಡ ಹೆಂಗಸರು ಗುಂಪಾಗಿ ನಿಂತಿದ್ದರು. ಸುಂದರಕ್ಕನೂ ಚೀಲ ಕಟ್ಟಿಕೊಂಡು ಬಂದಿದ್ದರು, ಆದರೆ ಗುಂಪಿನಿಂದ ಸ್ವಲ್ಪ ಆಚೆ, ಗೋಡೌನಿಗೆ ಹೋಗುವ ದಾರಿಯ ಕಡೆಗೆ ನಿಂತಿದ್ದರು. ನನ್ನನ್ನು ಕಂಡು ನಗಲು ನೋಡಿದರು. ರೈಟರು ಜೋಡಿಗಳ ಹೆಸರು ಕೂಗಿ ಸಾಲು ತೋರಿಸುತ್ತ ಬಂದರು. ಅಪ್ಪಿಯ ಹೆಸರು ಬಂತು. ಅದರ ಜೊತೆಗೆ ಅಸ್ಸಾಮಿನ ಹುಡುಗಿಯ ಹೆಸರು ಬಾಯಿಗೆ ಬರುವಷ್ಟರಲ್ಲಿ ಅಪ್ಪಿ ಮುಂದೆ ಬಂದಳು. ಕೈಯಲ್ಲಿ ಹೊಸದಾಗಿ ಕಡಿದ ಒಂದು ಕೊಕ್ಕೆ ಕೋಲಿತ್ತು, ಅವಳಿಗಿಂತ ಉದ್ದದ್ದು.

"ಆ ಕೂಸು ಅವ್ಳ ಅಕ್ಕನ ಜೊತೆ ಹೋಗ್ಲಿ ರೈಟರೇ, ಇಬ್ರೂ ಮಾತಾಡ್ಕಂಡು ಕೊಯ್ತಾರೆ. ನಂಗೆ ನನ್ನ ಜೋಡಿ ಕೊಡಿ."

ರೈಟರು ನನ್ನ ಕಡೆ ನೋಡಿದರು. ಮೇಲಿನ ಬದಿಯಲ್ಲಿ ನಿಂತರೆ ಸುಂದರಕ್ಕ ಪೂರ್ತಿ ಕೆಲಸ ಮಾಡಬಲ್ಲರು ಎಂದೆ. ಅವರು ಅಪ್ಪಿಯ ಮುಖ ನೋಡಿ, ಪುಸ್ತಕದಲ್ಲಿ ಹೆಸರು ತಿದ್ದಿಕೊಂಡರು. ಅಪ್ಪಿ ಆಗಲೇ ಸಾಲಿನ ಹತ್ತಿರ ಹೋಗಿದ್ದಳು. ಮೇಲಿನ ಬದಿಯನ್ನು ದಾಟಿ, ಗಿಡದ ಬುಡ ಹಿಡಿದುಕೊಂಡು ಕೆಳಗಿನ ಬದಿಗೆ ಇಳಿದು ನಿಂತಳು. ಗಿಡದ ಮರೆಯಲ್ಲಿ ಅವಳ ತಲೆಯೂ ಕಾಣಲಿಲ್ಲ. ಸುಂದರಕ್ಕ ಅವಸರವಸರವಾಗಿ ಹೋಗಿ ಮೇಲಿನ ದಾರಿಯಲ್ಲಿ ನಿಂತರು.

"ಅಲ್ಲಿ ನಿಂಗೆ ಎಟುಕಲ್ಲ ಮಾರಾಯ್ತಿ."

"ಎಟುಕಲ್ಲ ಅಂತಲೇ ಕೊಕ್ಕೆ ತಂದದ್ದು. ನೀನು ಮೇಲೆ ನಿಲ್ಲು."

ಸುಂದರಕ್ಕ ನಿಂತರು. ಹಣ್ಣು ಚೀಲಕ್ಕೆ ಬೀಳತೊಡಗಿತು. ಕೊಕ್ಕೆ ಒಂದು ಕೊಂಬೆಯನ್ನು ಹಿಡಿದು ಬಗ್ಗಿಸಿತು, ಬಿಟ್ಟಿತು, ಮತ್ತೆ ಹಿಡಿಯಿತು. ಅಪ್ಪಿಗೆ ಇನ್ನೂ ಕೈ ಕುದುರಿರಲಿಲ್ಲ. ಆಮೇಲೆ ಮಾತು ಶುರುವಾಯಿತು. ಮೊದಲು ಕೊಕ್ಕೆಯ ಬಗ್ಗೆ, ಅದನ್ನು ಯಾವ ಮರದಿಂದ ಕಡಿದದ್ದು ಎಂದು. ಆಮೇಲೆ ಮಗಳು ಬೆಳ್ತಂಗಡಿಯಿಂದ ಫೋನು ಮಾಡಿ ಅತ್ತದ್ದು. ಅಳಿಯ ಕುಡಿಯಲು ಹಿಡಿದದ್ದು. ಗಂಡ ತೀರಿಕೊಂಡ ಮೇಲೆ ಮೊದಲ ಸಲ ಈ ಮಳೆಗಾಲದಲ್ಲಿ ಅವರು ಒಲೆಯ ಮುಂದೆ ಕೂತು, ಬೇಯಿಸಿ ಯಾರಿಗೆ ಬಡಿಸಲಿ ಎಂದು ಕೇಳಿಕೊಂಡದ್ದು. ಸುಂದರಕ್ಕನ ದನಿ ಗಿಡದ ಒಳಗಿನಿಂದ ನಿಲ್ಲದೆ ಹರಿಯಿತು, ನಡುನಡುವೆ ಅಪ್ಪಿಯ ಹೂಂ, ಒಮ್ಮೆ ಮೂಗು ಎಳೆದ ಸದ್ದು, ಒಮ್ಮೆ ಇಬ್ಬರ ನಗು.

ನಾನು ದಾರಿಯಲ್ಲಿ ನಿಂತು ಕೇಳಿದೆ. ಮಗಳ ವಿಷಯ ನನಗೆ ಗೊತ್ತಿರಲಿಲ್ಲ. ಅಳಿಯನ ವಿಷಯ ಗೊತ್ತಿರಲಿಲ್ಲ. ಅಷ್ಟೊಂದು ಬುಧವಾರ ಅವರು ನನ್ನೊಂದಿಗೆ ಆಡಿದ್ದು ಹೊತ್ತು ಕಳೆಯುವ ಮಾತು, ನನ್ನ ಮೇಲಿನ ಪ್ರೀತಿಯಿಂದ ಆಡಿದ ಮಾತು. ಅವರ ಮಾತು ಇಲ್ಲಿತ್ತು, ಇಷ್ಟು ದಿನ ಇಲ್ಲಿಗೆ ಬರಲು ಕಾಯುತ್ತಿತ್ತು. ನನಗೆ ಬೇಸರವಾಯಿತು, ಅದೇ ಹೊತ್ತಿಗೆ ಬಹಳ ಸಂತೋಷವೂ ಆಯಿತು. ಎರಡನ್ನೂ ಬೇರೆ ಮಾಡಲು ಈಗಲೂ ನನಗೆ ಬರುವುದಿಲ್ಲ. ಸುಂದರಕ್ಕನನ್ನು ಕರೆಯಲಾ ಮೇಡಂ ಎಂದು ರೈಟರು ಕೇಳಿದರು. ಬೇಡ, ಕೆಲಸದಲ್ಲಿದ್ದಾರೆ ಎಂದೆ.

ಬುಧವಾರ ಬಂತು. ಕೊಯ್ಲಿನ ಕಾಲದಲ್ಲಿ ಯಾರೂ ಒಂದು ದಿನದ ಕೆಲಸ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ನೋವು ಮತ್ತೆ ಬಂದರೆ ಮಾತ್ರ ಬನ್ನಿ ಎಂದು ನಾನೇ ಹೇಳಿದ್ದೆ. ಎಸ್ಟೇಟಿನ ಜೀಪು ಆಸ್ಪತ್ರೆಯ ಮುಂದೆ ನಿಲ್ಲದೆ ಹೋಯಿತು. ಎಲ್ಲ ಚೆನ್ನಾಗಿದೆ ಎಂಬಂತೆ ಡ್ರೈವರ್ ಹಾರ್ನ್ ಹೊಡೆದ. ಗೋಡೆ ಒರೆಸಲಾ ಎಂದು ಆಯಾ ಕೇಳಿದಳು. ಹೊಸ ಪೇಷಂಟಿಗೆ ಜಾಗ ಬೇಕಾಗಿತ್ತು, ಒರೆಸು ಎಂದೆ. ಆಮೇಲಿನ ಬುಧವಾರವೂ ಸುಂದರಕ್ಕ ಬರಲಿಲ್ಲ, ಅದರ ಮುಂದಿನದೂ ಇಲ್ಲ. ಬರಲಿಲ್ಲ ಎಂದರೆ ಕೈ ಸರಿಯಾಗಿದೆ, ಕೆಲಸ ಸರಿಯಾಗಿ ನಡೆಯುತ್ತಿದೆ ಎಂದು ಅರ್ಥ. ಆ ಊರಿಗೆ ನನ್ನನ್ನು ಕರೆಸಿದ್ದು ಅದಕ್ಕಾಗಿಯೇ. ನಾನು ಒಬ್ಬಳೇ ಕೂತು ಡಬ್ಬಿ ತೆರೆದು, ಅವರು ಬೈಯುತ್ತಿದ್ದ ನನ್ನ ಅಡುಗೆಯನ್ನು ಉಂಡೆ. ಸುಂದರಕ್ಕ ಇನ್ನು ಬರದೇ ಇರಲಿ ಎಂದು ಮನಸಾರೆ ಬೇಡಿಕೊಂಡೆ, ಹೊರಗೆ ಜೀಪಿನ ಸದ್ದಾದಾಗಲೆಲ್ಲ ಎದ್ದು ಬಾಗಿಲಿಗೆ ಹೋಗಿ ನೋಡಿದೆ.